ಕಮಿಟಿ ಟೇಬಲ್

ಮೊದಲೇ ಹೇಳಿಬಿಡುತ್ತೇವೆ. ಈ ಲೇಖನದಲ್ಲಿ "ನಾವು" ಅಂದರೆ ಇಬ್ಬರು. ಅಣ್ಣ-ತಮ್ಮಂದಿರ ಮಕ್ಕಳು, ಇಬ್ಬರಿಗೂ ವಯಸ್ಸು 19, ಒಂದೇ ಹಾಸ್ಟೆಲ್, ಒಂದೇ ರೂಮು. ಒಬ್ಬ ಇ.ಸಿ., ಇನ್ನೊಬ್ಬ ಮೆಕ್ಯಾನಿಕಲ್. ಟೈಪ್ ಮಾಡುತ್ತಿರುವುದು ಒಬ್ಬ, ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಿರುವುದು ಇನ್ನೊಬ್ಬ. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ನಮಗೆ ಬರೀ ಪರೀಕ್ಷೆಯ ಭಾಷೆಯಾಗಿತ್ತು. ಹಾಸ್ಟೆಲ್‌ಗೆ ಬಂದ ಮೇಲೆ ಜಗಳದ ಭಾಷೆಯಾಯಿತು, ತಮಾಷೆಯ ಭಾಷೆಯಾಯಿತು, ಈಗ ಬರೆಯುವ ಧೈರ್ಯವೂ ಬಂದಿದೆ. ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಿಕೊಳ್ಳಲಿ.

ನಾವು ಮಂಗಳೂರು ಕಡೆಯ ಕ್ಯಾಥೊಲಿಕರು. ಫಸ್ಟ್ ಇಯರ್‌ನಲ್ಲಿ ನಮ್ಮ ಫ್ಲೋರಿನವರು ಎರಡೇ ಪ್ರಶ್ನೆ ಕೇಳುತ್ತಿದ್ದರು. ಒಂದು, "ಕ್ರಿಸ್‌ಮಸ್‌ಗೆ ಏನ್ ತರ್ತೀರ ಮಗಾ?" ಇನ್ನೊಂದು, "ನೀವು ದಿನಾ ಚರ್ಚ್‌ಗೆ ಹೋಗ್ಬೇಕಾ?" ಮೊದಲ ಪ್ರಶ್ನೆಗೆ ಉತ್ತರವಾಗಿ ಒಂದು ಡಬ್ಬಿ ಕುಸ್ವಾರ್ ತಂದೆವು. ಅಜ್ಜಿ ಎರಡು ದಿನ ಕೂತು ಮಾಡಿದ್ದ ಕಿಡಿಯೊ, ನೆವ್ರಿಯೊ ಎಲ್ಲಾ ಹತ್ತು ನಿಮಿಷದಲ್ಲಿ ಖಾಲಿ. ಎರಡನೆಯದಕ್ಕೆ, "ಇಲ್ಲ ಮಾರಾಯ, ಭಾನುವಾರ ಮಾತ್ರ" ಅಂದೆವು. ಅದು ನಿಜವೇ. ಭಾನುವಾರ ಎಂಟು ಗಂಟೆಯ ಪೂಜೆಗೆ ಹೋಗಿ, ಶೇರ್ ಆಟೋ ಹಿಡಿದು, ಒಂಬತ್ತೂವರೆಗೆ ಸೆಟ್ ದೋಸೆ ಮುಗಿಯುವ ಮೊದಲು ವಾಪಸ್ ಬರುತ್ತಿದ್ದೆವು. ಸೋಮವಾರದಿಂದ ಶನಿವಾರದವರೆಗೆ ನಮಗೂ ದೇವರಿಗೂ ಇಂಟರ್ನಲ್ಸ್ ದಿನ ಮಾತ್ರ ಭೇಟಿ.

ಮೂರನೇ ಸೆಮಿಸ್ಟರ್‌ನಲ್ಲಿ ನಾವಿಬ್ಬರೂ ಮೆಸ್ ಕಮಿಟಿಗೆ ಸೇರಿದೆವು. ಒಬ್ಬ ನಮ್ಮ ಬ್ಲಾಕಿನ ಪ್ರತಿನಿಧಿ, ಇನ್ನೊಬ್ಬ ಲೆಕ್ಕ ನೋಡುವವನು. ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡಿದ್ದು ಅದೇ ಮೊದಲು. ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪಂದಿರು "ಗುಡ್, ಲೀಡರ್‌ಶಿಪ್" ಅಂದರು. ಅಜ್ಜಿ ಮಾತ್ರ, "ಊಟದ ವಿಷಯ, ಜಾಗ್ರತೆ" ಅಂದರು. ಅಡುಗೆ ಕೆಡುವುದರ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡೆವು.

ಕಮಿಟಿಯವರಿಗೆ ಅಡುಗೆಮನೆ ಬಾಗಿಲ ಪಕ್ಕ ಒಂದು ಟೇಬಲ್ ಉಂಟು. ಯಾವ ರೂಲ್ ಬುಕ್‌ನಲ್ಲೂ ಬರೆದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಅಲ್ಲಿ ಕೂತವರು ಕ್ಯೂನಲ್ಲಿ ನಿಲ್ಲುವ ಹಾಗಿಲ್ಲ. ಮೆಸ್ ಅಣ್ಣ ತವಾದಿಂದ ಇಳಿದ ಚಪಾತಿ ನೇರ ತಂದು ಹಾಕುತ್ತಾರೆ. ಬುಧವಾರ ಎಲ್ಲರಿಗೂ ಒಂದು ಮೊಟ್ಟೆಯಾದರೆ ಅಲ್ಲಿ ಎರಡು. ಭಾನುವಾರ ಚಿಕನ್‌ನಲ್ಲಿ ಲೆಗ್ ಪೀಸ್ ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಡೌಟಿತ್ತಲ್ಲ? ಅಲ್ಲಿಗೇ. ಮೊದಲ ದಿನ ಸ್ವಲ್ಪ ಮುಜುಗರ ಆಯಿತು. ಎರಡನೇ ವಾರಕ್ಕೆ ಅಭ್ಯಾಸವಾಯಿತು. ಮೂರನೇ ವಾರ ಚಪಾತಿ ಬರುವುದು ಎರಡು ನಿಮಿಷ ತಡವಾದರೆ ಅಡುಗೆಮನೆ ಕಡೆ ತಿರುಗಿ ನೋಡುವಷ್ಟು ಆಗಿದ್ದೆವು.

ಕಂಪ್ಲೇಂಟ್ ಬುಕ್ ಇರುವುದೂ ಅದೇ ಟೇಬಲ್ ಮೇಲೆ.

ಒಂದು ಬುಧವಾರ ರಾತ್ರಿ, ಒಂಬತ್ತು ಗಂಟೆ ಆಗಿತ್ತು. ಫಸ್ಟ್ ಇಯರ್ ಹುಡುಗನೊಬ್ಬ ಬಂದ. ಮಾತಿನಲ್ಲೇ ರಾಯಚೂರು ಕಡೆಯವನು ಅಂತ ಗೊತ್ತಾಗುತ್ತಿತ್ತು. ಕೈಯಲ್ಲಿ ಡ್ರಾಯಿಂಗ್ ಶೀಟಿನ ಸುರುಳಿ. "ಅಣ್ಣಾರ, ಚಪಾತಿ ಮುಗದಾವಂತ್ರೀ. ಬುಕ್ ಎಲ್ಲೈತ್ರಿ?" ಅಂದ. ಬುಕ್ ನಮ್ಮ ಮೊಟ್ಟೆಯ ತಟ್ಟೆಯ ಕೆಳಗಿತ್ತು. ತಟ್ಟೆ ಸರಿಸಿ ಕೊಟ್ಟೆವು. ಅವನು ನಿಂತುಕೊಂಡೇ "ಇವತ್ತೂ ಚಪಾತಿ ಇಲ್ಲ" ಅಂತ ಬರೆದು ಸೈನ್ ಮಾಡಿದ. ನಮ್ಮ ತಟ್ಟೆಯಲ್ಲಿ ಇನ್ನೂ ನಾಲ್ಕು ಚಪಾತಿ ಇದ್ದವು, ಬಿಸಿ ಬಿಸಿ. ಅವನು ನೋಡಿದ. ಏನೂ ಹೇಳಲಿಲ್ಲ. "ಊಟ ಮಾಡ್ರಿ ಅಣ್ಣಾರ" ಅಂತ ಹೇಳಿ ಅನ್ನ-ರಸಂ ಕಡೆ ಹೋದ.

ಬೈದಿದ್ದರೆ ನಾವೂ ತಿರುಗಿ ಏನಾದರೂ ಹೇಳಬಹುದಿತ್ತು. ಬೈಯಲಿಲ್ಲ.

ಆ ಭಾನುವಾರ ಅಜ್ಜಿಗೆ ಫೋನ್ ಮಾಡಿದಾಗ ಸಂಗತಿ ಹೇಳಿದೆವು, ನಮ್ಮ ತಟ್ಟೆಯ ವಿಷಯ ಬಿಟ್ಟು. ಹಾಸ್ಟೆಲ್‌ನಲ್ಲಿ ಚಪಾತಿ ಬೇಗ ಖಾಲಿಯಾಗುತ್ತದೆ, ಜೂನಿಯರ್ಸ್‌ಗೆ ಕಷ್ಟ, ನಾವು ಸರಿ ಮಾಡಬೇಕು ಅಂತಿದ್ದೇವೆ, ಹೀಗೆ. ಅಜ್ಜಿ ಎಲ್ಲಾ ಕೇಳಿ, "ನೀವು ಎಂತ ತಿಂದಿರಿ?" ಅಂದರು. ಸ್ಪೀಕರ್ ಆನ್ ಇತ್ತು. ಇಬ್ಬರೂ ಮಾತಾಡಲಿಲ್ಲ. ಅವರಿಗೆ ಅರ್ಥವಾಯಿತು. ಆಮೇಲೆ ಹೇಳಿದ್ದು ಜಾರ್ಜ್ ಫರ್ನಾಂಡಿಸ್ ಕಥೆ.

ನಮ್ಮ ಅಜ್ಜಿಗೆ ಜಾರ್ಜ್ ಅಂದರೆ ಅರ್ಧ ಹೆಮ್ಮೆ, ಅರ್ಧ ಸಿಟ್ಟು. ಹೆಮ್ಮೆ ಯಾಕೆ ಅಂದರೆ ಮಂಗಳೂರಿನ ಹುಡುಗ, ಕೊಂಕಣ ರೈಲ್ವೆ ಶುರುವಾಗಲು ಕಾರಣನಾದ ಮಂತ್ರಿ. ಮುಂಬಯಿಯ ಮಗಳ ಮನೆಗೆ ಅಜ್ಜಿ ಹೋಗುವುದು ಅದೇ ಹಳಿಯ ಮೇಲೆ. ಸಿಟ್ಟು ಯಾಕೆ ಅಂದರೆ ಪಾದ್ರಿ ಆಗಬೇಕಿದ್ದವನು ಅರ್ಧದಲ್ಲೇ ಬಿಟ್ಟುಬಂದ.

ನಮಗೆ ಆತ ಪಾಠದಲ್ಲಿ ಬಂದವನಲ್ಲ. ಆ ರಾತ್ರಿ ಕೂತು ಓದಿದೆವು. ಹುಟ್ಟಿದ್ದು 1930ರ ಜೂನ್ 3ರಂದು. 16ನೇ ವಯಸ್ಸಿಗೆ ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಗುರುಗಳು ಎತ್ತರದ ಮೇಜಿನಲ್ಲಿ ಕೂತು ಒಳ್ಳೆಯ ಊಟ ಮಾಡುವುದು, ಕಲಿಯಲು ಬಂದ ಹುಡುಗರಿಗೆ ಬೇರೆ ಊಟ. ಬೋಧನೆಯಲ್ಲಿ ಎಲ್ಲರೂ ಸಮಾನ, ಊಟದ ಹೊತ್ತಿಗೆ ಅಲ್ಲ. ಇದು ಆತನಿಗೆ ತಡೆದುಕೊಳ್ಳಲು ಆಗಲಿಲ್ಲ. 19 ತುಂಬುವ ಸುಮಾರಿಗೆ ಸೆಮಿನರಿ ಬಿಟ್ಟ. ಈಗಿನ ನಮ್ಮ ವಯಸ್ಸೇ. ಬೊಂಬಾಯಿಗೆ ಹೋಗಿ ಚೌಪಾಟಿಯ ಬೆಂಚಿನ ಮೇಲೆ ಮಲಗಿದ, ಪತ್ರಿಕೆಯಲ್ಲಿ ಪ್ರೂಫ್ ನೋಡುವ ಕೆಲಸ ಹಿಡಿದ, ಕಾರ್ಮಿಕರ ಸಂಘ ಕಟ್ಟಿದ. 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಎಸ್.ಕೆ. ಪಾಟೀಲರಂಥ ದೊಡ್ಡ ನಾಯಕರನ್ನು ಸೋಲಿಸಿದ. 1974ರ ಮೇ ತಿಂಗಳಲ್ಲಿ ಇಡೀ ದೇಶದ ರೈಲ್ವೆ ನೌಕರರ ಮುಷ್ಕರ ನಡೆಸಿದ. ಎಮರ್ಜೆನ್ಸಿಯಲ್ಲಿ ಜೈಲು ಸೇರಿ, 1977ರಲ್ಲಿ ಜೈಲಿನೊಳಗಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಗೆದ್ದ.

ಆತನ ರಾಜಕೀಯವೆಲ್ಲ ಸರಿ ಅಂತ ನಾವು ಹೇಳುತ್ತಿಲ್ಲ. 1998ರ ನಂತರ ಆತ ರಕ್ಷಣಾ ಮಂತ್ರಿಯಾಗಿ ಕೂತ ಸರ್ಕಾರದ ಬಗ್ಗೆ ನಮ್ಮ ಮನೆಯಲ್ಲೇ ಎರಡು ಪಾರ್ಟಿ ಉಂಟು. ದೊಡ್ಡಪ್ಪ ಆ ಹೆಸರೆತ್ತಿದರೆ ಟಿವಿ ವಾಲ್ಯೂಮ್ ಜಾಸ್ತಿ ಮಾಡುತ್ತಾರೆ. ಆದರೆ ಊಟದ ಮೇಜಿನಿಂದ ಎದ್ದು ಬಂದ ಆ ಹುಡುಗ ಮಾತ್ರ ಆತನೊಳಗೆ ಕೊನೆಯವರೆಗೂ ಇದ್ದ ಅನ್ನಿಸುತ್ತದೆ. ಮಂತ್ರಿಯಾದ ಮೇಲೂ ಮುದುರಿದ ಕುರ್ತಾ, ಬಟ್ಟೆ ತಾನೇ ಒಗೆದುಕೊಳ್ಳುವುದು, ಸೈನಿಕರನ್ನು ನೋಡಲು ಸಿಯಾಚಿನ್‌ಗೆ ಹಲವು ಸಲ ಹೋದದ್ದು. ಪ್ರಾರ್ಥನೆ ಬಿಟ್ಟ, ಚರ್ಚ್ ಬಿಟ್ಟ. ಆದರೂ 2019ರ ಜನವರಿ 29ರಂದು ತೀರಿಕೊಂಡ ಮೇಲೆ ಆತನ ಕೊನೆಯ ಆಸೆಯ ಪ್ರಕಾರ ದಹನ ಮಾಡಿ ಬೂದಿಯನ್ನು ಹೂಳಿದರು. ಅದರಲ್ಲಿ ಒಂದು ಪಾಲು ಮಂಗಳೂರಿನ ಬಿಜೈ ಇಗರ್ಜಿಯ ಸ್ಮಶಾನಕ್ಕೆ ಬಂತು.

"ಅವನು ದೇವರನ್ನು ಬಿಟ್ಟನಾ, ಮೇಜನ್ನು ಬಿಟ್ಟನಾ, ನನಗೆ ಇವತ್ತಿಗೂ ಗೊತ್ತಿಲ್ಲ" ಅಂದರು ಅಜ್ಜಿ. ದಿನಾ ತೇರ್ಸ್ ಹೇಳುವ, ಒಂದು ಶುಕ್ರವಾರವೂ ಮಾಂಸ ಮುಟ್ಟದ ಅಜ್ಜಿ ಇದನ್ನು ಹೇಳಿದ್ದು ನಮಗೆ ಆಶ್ಚರ್ಯ. ನಾವು ಉಲ್ಟಾ ಆಗಿದ್ದೆವು. ದೇವರನ್ನು ಬಿಟ್ಟಿರಲಿಲ್ಲ, ಮೇಜನ್ನೂ ಬಿಟ್ಟಿರಲಿಲ್ಲ.

ಆಗ ಇನ್ನೊಂದು ನೆನಪಾಯಿತು. ನಾವು ಎರಡನೇ ಸೆಮಿಸ್ಟರ್‌ನಲ್ಲಿದ್ದಾಗ, 2025ರ ಏಪ್ರಿಲ್‌ನಲ್ಲಿ, ಈಸ್ಟರ್ ರಜೆಗೆ ಊರಿಗೆ ಹೋಗಿದ್ದೆವು. ಈಸ್ಟರ್ ಮರುದಿನ, 21ನೇ ತಾರೀಕು, ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಬಂತು. ಇಡೀ ದಿನ ಅಜ್ಜಿಯ ಜೊತೆ ಟಿವಿ ಮುಂದೆ ಕೂತೆವು. ಯೌವನದಲ್ಲಿ ಅವರು ಕೆಮಿಕಲ್ ಟೆಕ್ನಿಷಿಯನ್ ಆಗಿ ಲ್ಯಾಬ್‌ನಲ್ಲಿ ಕೆಲಸ ಮಾಡಿದವರು ಅಂತ ಕೇಳಿ ನಮಗೆ ಖುಷಿ, "ನಮ್ಮ ಪೈಕಿ" ಅಂತ. (ಈಗಿನ ಪೋಪ್ 14ನೇ ಲಿಯೋ ಓದಿದ್ದು ಗಣಿತ. ಕೆಮಿಸ್ಟ್ರಿ, ಮ್ಯಾಥ್ಸ್ ಎರಡೂ ಆಯಿತು, ಫಿಸಿಕ್ಸ್‌ನವರು ಕಾಯಬೇಕು.)

ಫ್ರಾನ್ಸಿಸ್ 2013ರ ಮಾರ್ಚ್ 13ರಂದು ಪೋಪ್ ಆದಾಗ ಅರಮನೆಯ ದೊಡ್ಡ ಮನೆಗೆ ಹೋಗಲಿಲ್ಲ. ವ್ಯಾಟಿಕನ್‌ನಲ್ಲಿ ಸಾಂತಾ ಮಾರ್ತಾ ಎಂಬ ಅತಿಥಿಗೃಹ ಇದೆ, ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಹಾಸ್ಟೆಲ್. ಅಲ್ಲೇ ಉಳಿದರು. ಅಲ್ಲಿನ ಸಾಮಾನ್ಯ ಊಟದ ಹಾಲ್‌ನಲ್ಲೇ ಊಟ. ಕೋಟ್ಯಂತರ ಕ್ಯಾಥೊಲಿಕರ ಮುಖ್ಯಸ್ಥ ಮೆಸ್‌ನಲ್ಲಿ ಊಟ ಮಾಡಿದರು! ಎರಡು ವಾರ ಕಳೆದು ಪವಿತ್ರ ಗುರುವಾರ ಬಂತು. ಯೇಸು ಕೊನೆಯ ಭೋಜನದ ರಾತ್ರಿ ಮೇಜಿನಿಂದ ಎದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಶಿಷ್ಯರ ಕಾಲು ತೊಳೆದ ದಿನ ಅದು. ಅದರ ನೆನಪಿಗೆ ಗುರುಗಳು ಪ್ರತಿ ವರ್ಷ 12 ಜನರ ಕಾಲು ತೊಳೆಯುತ್ತಾರೆ. ಪೋಪ್ ಸಾಮಾನ್ಯವಾಗಿ ದೊಡ್ಡ ಬಸಿಲಿಕದಲ್ಲಿ ಮಾಡುತ್ತಿದ್ದದ್ದನ್ನು ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಮಾಡಿದರು. ಆ ಹನ್ನೆರಡು ಜನರಲ್ಲಿ ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ಸಾಯುವ ನಾಲ್ಕು ದಿನ ಮೊದಲು, 2025ರ ಪವಿತ್ರ ಗುರುವಾರವೂ ಜೈಲಿಗೆ ಹೋದರು. ಬಗ್ಗಿ ಕಾಲು ತೊಳೆಯುವ ಶಕ್ತಿ ಇರಲಿಲ್ಲ. ಆದರೂ ಹೋದರು.

ನಾವು ಚಿಕ್ಕವರಿದ್ದಾಗ ಊರಿನ ಇಗರ್ಜಿಯಲ್ಲಿ ಕಾಲು ತೊಳೆಸಿಕೊಳ್ಳುವ ಹನ್ನೆರಡರಲ್ಲಿ ಒಮ್ಮೆ ಕೂತಿದ್ದೆವು. ಫಾದರ್ ಮಂಡಿಯೂರಿದಾಗ ಕಚಗುಳಿಯಾಗಿ ನಕ್ಕು ಬೈಸಿಕೊಂಡಿದ್ದೆವು. ನಾಯಕನಾದವನು ಮೊದಲು ಮೇಜಿನಿಂದ ಏಳಬೇಕು ಅನ್ನುವ ಅರ್ಥ ಅದರಲ್ಲಿತ್ತು ಅಂತ ತಿಳಿಯಲು ಮೆಸ್ ಕಮಿಟಿ ಬೇಕಾಯಿತು.

ಸರಿ, ಮುಂದಿನ ಮೀಟಿಂಗಿನಲ್ಲಿ ಪ್ರಸ್ತಾಪ ಇಟ್ಟೆವು. ಕಮಿಟಿ ಟೇಬಲ್ ಬೇಡ, ಎಲ್ಲರೂ ಕ್ಯೂನಲ್ಲಿ ನಿಲ್ಲೋಣ, ಬುಕ್ಕನ್ನು ಕೌಂಟರ್ ಹತ್ತಿರ ಇಡೋಣ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬ ಸೀನಿಯರ್, "ಏನ್ರೋ, ಚರ್ಚಲ್ಲಿ ಹೇಳ್ಕೊಟ್ರಾ?" ಅಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. "ಅಯ್ಯೋ ಇಲ್ಲ ಅಣ್ಣಾ, ಅದೆಲ್ಲ ಏನಿಲ್ಲ, ಸುಮ್ನೆ ಫೀಡ್‌ಬ್ಯಾಕ್ ಸರಿಯಾಗಿ ಸಿಗ್ಲಿ ಅಂತ" ಅಂದೆವು. ಓಟಿಗೆ ಹಾಕಿದರು. ಒಂಬತ್ತು ಜನರಲ್ಲಿ ನಮ್ಮ ಕಡೆ ಮೂರು: ನಾವಿಬ್ಬರು, ಮತ್ತೆ ಹಾಸನದ ಗೆಳೆಯನೊಬ್ಬ. ಸೋತೆವು.

ರೂಮಿಗೆ ಬಂದ ಮೇಲೆ ಸೋತದ್ದಕ್ಕಿಂತ "ಅದೆಲ್ಲ ಏನಿಲ್ಲ" ಅಂದದ್ದೇ ಚುಚ್ಚಿತು. ಬೈಬಲ್‌ನಲ್ಲಿ ಪೇತ್ರ, ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತಿರುತ್ತಾನೆ. "ನೀನೂ ಅವನ ಜೊತೆ ಇದ್ದೆಯಲ್ಲ?" ಅಂತ ಕೇಳಿದರೆ, ಇಲ್ಲ, ಗೊತ್ತೇ ಇಲ್ಲ ಅನ್ನುತ್ತಾನೆ, ಮೂರು ಸಲ. ಅವನಿಗಾದರೂ ಜೀವ ಹೋಗುವ ಭಯ ಇತ್ತು. ನಮಗೆ ಇದ್ದದ್ದು ಕಾಲೆಳೆಯುತ್ತಾರೆ ಅನ್ನುವ ಭಯ ಮಾತ್ರ.

ಆದರೆ ಇದರಲ್ಲಿ ಇನ್ನೊಂದು ಪಕ್ಕವೂ ಉಂಟು, ಅದನ್ನು ನಾವು ತುಂಬಾ ಚರ್ಚೆ ಮಾಡಿದೆವು. ಹಾಸ್ಟೆಲ್ ಎಲ್ಲರದ್ದು. "ನಮ್ಮ ಧರ್ಮದಲ್ಲಿ ಹೀಗಿದೆ, ಅದಕ್ಕೆ ನೀವೂ ಕ್ಯೂನಲ್ಲಿ ನಿಲ್ಲಿ" ಅಂತ ಹೇಳಲು ಆಗುತ್ತದಾ? ಆಗುವುದಿಲ್ಲ, ಆಗಬಾರದು ಕೂಡ. 1960ರಲ್ಲಿ ಕೆನಡಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, ಕ್ಯಾಥೊಲಿಕ ಅಧ್ಯಕ್ಷನಾದರೆ ದೇಶವನ್ನು ಪೋಪ್ ನಡೆಸುತ್ತಾರೆ ಅಂತ ಜನ ಹೆದರಿದ್ದರು. ಕೆನಡಿ ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ ಪ್ರೊಟೆಸ್ಟೆಂಟ್ ಪಾದ್ರಿಗಳ ಮುಂದೆಯೇ ನಿಂತು, ನಾನು ಕ್ಯಾಥೊಲಿಕರ ಅಭ್ಯರ್ಥಿ ಅಲ್ಲ, ಪಕ್ಷದ ಅಭ್ಯರ್ಥಿ, ಕ್ಯಾಥೊಲಿಕನೂ ಹೌದು ಅನ್ನುವ ಅರ್ಥದಲ್ಲಿ ಮಾತಾಡಿದರು. ಅದರಲ್ಲಿ ನಮಗೆ ಹಿಡಿಸಿದ್ದು ಒಂದೇ. ಕೆನಡಿ ಚರ್ಚಿನ ಮಾತು ಕೇಳಿ ದೇಶ ನಡೆಸುತ್ತೇನೆ ಅನ್ನಲಿಲ್ಲ, ಆದರೆ ಚರ್ಚ್ ನನಗೆ ಗೊತ್ತೇ ಇಲ್ಲ ಅಂತಲೂ ಅನ್ನಲಿಲ್ಲ.

ನಾವು ಕೊನೆಗೆ ಬಂದು ನಿಂತದ್ದು ಇಲ್ಲಿ: ಎಲ್ಲರ ಮುಂದೆ ಇಡುವ ಕಾರಣ ಎಲ್ಲರಿಗೂ ಅರ್ಥವಾಗುವಂಥದ್ದು ಇರಬೇಕು. ಚಪಾತಿ ನ್ಯಾಯವಾಗಿ ಸಿಗಬೇಕು ಅನ್ನಲು ಯಾರೂ ಕ್ರೈಸ್ತನಾಗಬೇಕಿಲ್ಲ. ಆದರೆ ಅದನ್ನು ಹೇಳುವ ಧೈರ್ಯ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ, ನಕ್ಕು ಮುಚ್ಚಿಡಬಾರದು. ಮರುದಿನ ಆ ಸೀನಿಯರ್ ಸಿಕ್ಕಾಗ, "ಅಣ್ಣಾ, ನಿನ್ನೆ ಸುಳ್ಳು ಹೇಳಿದೆವು, ಸ್ವಲ್ಪ ಚರ್ಚ್‌ದೂ ಇದೆ" ಅಂದೆವು. ಅವರು ನಗಲಿಲ್ಲ. "ನಮ್ಮಜ್ಜಿನೂ ಮನೇಲಿ ಎಲ್ರಿಗೂ ಬಡಿಸಿ ಆಮೇಲೇ ಊಟ ಮಾಡೋದು ಕಣ್ರೋ" ಅಂದು ಹೋದರು. ಆದರೆ ಟೇಬಲ್ ಬಿಡಲಿಲ್ಲ.

ನಾವು ಬಿಟ್ಟೆವು. ಮೂವರೂ ತಟ್ಟೆ ಹಿಡಿದು ಕ್ಯೂನಲ್ಲಿ ನಿಂತೆವು. ಮೊದಲ ದಿನ ಎಲ್ಲರೂ ನಮ್ಮನ್ನು ನೋಡುತ್ತಿದ್ದಾರೆ ಅನ್ನಿಸಿತು, ಅದು ಒಳಗೊಳಗೇ ಹಿತವಾಗಿಯೂ ಇತ್ತು. ನಿಜ ಹೇಳಬೇಕೆಂದರೆ ಎರಡನೇ ದಿನ ಯಾರೂ ನೋಡದೇ ಇದ್ದಾಗ ಬೇಜಾರಾಯಿತು. ಲೆಗ್ ಪೀಸ್ ಬಿಡುವುದು ಸುಲಭ, ಬಿಟ್ಟೆ ಅಂತ ತೋರಿಸಿಕೊಳ್ಳುವ ಆಸೆ ಬಿಡುವುದು ಕಷ್ಟ. (ಇದನ್ನು ಬರೆದು ನಿಮಗೆ ಓದಿಸುತ್ತಿದ್ದೇವೆ, ಅಂದರೆ ಇನ್ನೂ ಬಿಟ್ಟಿಲ್ಲ.)

ಕ್ಯೂನಲ್ಲಿ ನಿಂತ ಮೇಲೆ ಕಂಡದ್ದು ಟೇಬಲ್‌ನಿಂದ ಕಂಡಿರಲೇ ಇಲ್ಲ. ಎಂಟರಿಂದ ಎಂಟೂವರೆಗೆ ಸುಮಾರು 40 ಜನ ಬರುತ್ತಾರೆ. ಎಂಟೂ ಮುಕ್ಕಾಲರ ಮೇಲೆ ಲೈಬ್ರರಿ, ಡ್ರಾಯಿಂಗ್ ಹಾಲ್, ಕೋಚಿಂಗ್ ಎಲ್ಲಾ ಬಿಟ್ಟು ನೂರಕ್ಕೂ ಮೇಲೆ ಜನ ಒಟ್ಟಿಗೆ ನುಗ್ಗುತ್ತಾರೆ. ಎರಡು ವಾರ ನೋಟ್‌ಬುಕ್ಕಿನ ಹಿಂದೆ ಗೆರೆ ಎಳೆದು ಎಣಿಸಿದೆವು. ದೊಡ್ಡ ಸಂಶೋಧನೆ ಮಾಡಿದವರ ಹಾಗೆ ಮೆಸ್ ಅಣ್ಣನಿಗೆ ತೋರಿಸಿದರೆ, ಅವರು, "ಇದು ನಂಗೆ ಆರು ವರ್ಷದಿಂದ ಗೊತ್ತು. ಯಾರೂ ಕೇಳ್ಲಿಲ್ಲ" ಅಂದರು. ಏಳು ಗಂಟೆಗೆ ಕಲಸಿದ ಹಿಟ್ಟು ಎಂಟೂವರೆಗೆ ಮುಗಿಯುತ್ತದೆ, ಎರಡನೇ ಸಲ ಕಲಸಲು ಒಬ್ಬ ಹುಡುಗ ಬೇಕು, ಅಷ್ಟೇ. ನಾವು ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಉತ್ಸಾಹದಲ್ಲಿ ಇನ್ನೊಂದು ರೂಲ್ ತಂದೆವು: ಒಬ್ಬರಿಗೆ ಮೂರೇ ಚಪಾತಿ. ನ್ಯಾಯ ಅಲ್ವಾ! ಮೂರನೇ ದಿನ ಕಬಡ್ಡಿ ಟೀಮಿನ ಹುಡುಗರು ಪ್ರಾಕ್ಟೀಸ್ ಮುಗಿಸಿ ಹಸಿದು ಬಂದು ಕೌಂಟರಿನಲ್ಲಿ ಜಗಳ ಆಯಿತು. ಬೈಸಿಕೊಂಡದ್ದು ನಾವಲ್ಲ, ಬಡಿಸುವ ಅಣ್ಣ.

ಆ ವಾರ ಚರ್ಚಿನಲ್ಲಿ ನಮಗೆ ಪರಿಚಯವಿರುವ ಟಾಂಜಾನಿಯದ ಒಬ್ಬ ಸೀನಿಯರ್‌ಗೆ ಈ ಕಥೆ ಹೇಳಿದೆವು. ಅವರು ಜೋರಾಗಿ ನಕ್ಕು, "ನೀವು ಮ್ವಾಲಿಮು ಹಾಗೆ ಮಾಡಿದ್ದೀರಿ" ಅಂದರು. ಮ್ವಾಲಿಮು ಅಂದರೆ ಸ್ವಾಹಿಲಿಯಲ್ಲಿ ಮೇಷ್ಟ್ರು. ಅವರ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನೈರೆರೆಯನ್ನು ಜನ ಕರೆಯುವ ಹೆಸರು.

ನೈರೆರೆ ದಿನಾ ಪೂಜೆಗೆ ಹೋಗುತ್ತಿದ್ದ ಕ್ಯಾಥೊಲಿಕ. 1966ರಲ್ಲಿ ಯೂನಿವರ್ಸಿಟಿ ವಿದ್ಯಾರ್ಥಿಗಳು ಕಡ್ಡಾಯ ರಾಷ್ಟ್ರಸೇವೆಯನ್ನೂ ಅದರ ಕಡಿಮೆ ಸಂಬಳವನ್ನೂ ವಿರೋಧಿಸಿ ಮೆರವಣಿಗೆ ಬಂದಾಗ, ಸಂಬಳ ಜಾಸ್ತಿ ಇರುವುದು ನಮ್ಮದೇ ಅಂತ ಹೇಳಿ ತನ್ನ ಸಂಬಳವನ್ನು ಶೇಕಡ 20 ಕಡಿತ ಮಾಡಿಕೊಂಡರು. ಅದರ ಜೊತೆಗೇ ಆ ವಿದ್ಯಾರ್ಥಿಗಳನ್ನು ಯೂನಿವರ್ಸಿಟಿಯಿಂದ ಮನೆಗೆ ಕಳಿಸಿದರು. 1967ರ ಅರುಶಾ ಘೋಷಣೆಯಲ್ಲಿ ನಾಯಕರು ಎರಡು ಸಂಬಳ ಪಡೆಯಬಾರದು, ಮನೆ ಬಾಡಿಗೆಗೆ ಕೊಡಬಾರದು ಅಂತ ನಿಯಮ ತಂದರು. ಕಮಿಟಿ ಟೇಬಲ್ ತೆಗೆದ ಹಾಗೆಯೇ ಅಲ್ವಾ. ಆದರೆ 1970ರ ದಶಕದಲ್ಲಿ ಲಕ್ಷಗಟ್ಟಲೆ ರೈತರನ್ನು ಅವರ ಜಾಗದಿಂದ ಎಬ್ಬಿಸಿ ಹೊಸ ಸಾಮೂಹಿಕ ಹಳ್ಳಿಗಳಿಗೆ ಕಳಿಸಿದರು, ಎಷ್ಟೋ ಕಡೆ ಬಲವಂತದಿಂದ. ಬೆಳೆ ನೆಲಕಚ್ಚಿತು. ವಿಚಾರಣೆ ಇಲ್ಲದೆ ಜೈಲಿಗೆ ಹಾಕುವ ಕಾನೂನೂ ಇತ್ತು. 1985ರಲ್ಲಿ ತಾವೇ ಅಧಿಕಾರ ಬಿಟ್ಟು ಬುಟಿಯಾಮ ಎಂಬ ಊರಿಗೆ ಹೋಗಿ ಕೃಷಿ ಮಾಡಿದರು. ತಪ್ಪುಗಳಾಗಿವೆ ಅಂತ ಒಪ್ಪಿಕೊಂಡರು. ಈಗ ಅವರನ್ನು ಸಂತರ ಪಟ್ಟಿಗೆ ಸೇರಿಸುವ ವಿಚಾರಣೆ ಚರ್ಚಿನಲ್ಲಿ ನಡೆಯುತ್ತಿದೆ. "ನಮ್ಮ ಅಜ್ಜ ಅವರನ್ನು ಪ್ರೀತಿಸುತ್ತಿದ್ದರು, ಆದರೆ ಅವರಿಂದ ಮನೆಯನ್ನೂ ಕಳಕೊಂಡರು" ಅಂದರು ಆ ಸೀನಿಯರ್.

ಇದು ನಮ್ಮ ತಲೆಯಲ್ಲಿ ಬಹಳ ದಿನ ಕೂತಿತ್ತು. ಭಕ್ತಿ ಇದ್ದರೆ ಮೇಜಿನಿಂದ ಏಳಬಹುದು. ಆದರೆ ಎದ್ದ ತಕ್ಷಣ ನಾವು ಹೇಳಿದ್ದೆಲ್ಲ ಸರಿ ಅಂತ ಆಗುವುದಿಲ್ಲ. ಜಾರ್ಜ್ ಪ್ರಾರ್ಥನೆ ಬಿಟ್ಟರೂ ಹಸಿದವರ ಪಕ್ಕ ನಿಂತ. ನೈರೆರೆ ದಿನಾ ಪ್ರಾರ್ಥನೆ ಮಾಡಿ, ತನ್ನ ಪಾಲನ್ನೂ ಬಿಟ್ಟು, ಆದರೂ ರೈತರನ್ನು ಕೇಳದೆ ಹೋದರು. ಕಾಲು ತೊಳೆಯಲು ಬಗ್ಗಿದವನಿಗೆ ಎದುರಿನವನ ಪಾದ ಹತ್ತಿರದಿಂದ ಕಾಣುತ್ತದೆ, ಎಲ್ಲಿ ಒಡೆದಿದೆ, ಎಲ್ಲಿ ಮುಳ್ಳು ಹೊಕ್ಕಿದೆ ಅಂತ. ನೋಡದೆ ಬರೀ ನೀರು ಹಾಕಿದರೆ ಅದು ಫೋಟೋಗೆ ಮಾತ್ರ.

ಸೋಮವಾರ ಮೆಸ್ ಅಣ್ಣನ ಹತ್ತಿರ ಹೋಗಿ ಸಾರಿ ಕೇಳಿದೆವು, ಈ ಸಲ ಪೂರ್ತಿ ಕೇಳಿಸಿಕೊಂಡೆವು. ಮೂರರ ರೂಲ್ ತೆಗೆದೆವು. ಎಂಟೂವರೆಗೆ ಎರಡನೇ ಹಿಟ್ಟು, ಅದಕ್ಕೆ ಸಂಜೆ ಹೊತ್ತಿಗೆ ಒಬ್ಬ ಹುಡುಗ. ಇದಕ್ಕೆ ಕಮಿಟಿಯಲ್ಲಿ ಒಂಬತ್ತಕ್ಕೆ ಒಂಬತ್ತು ಓಟು ಬಿತ್ತು, ಚರ್ಚಿನ ಮಾತು ಯಾರೂ ಎತ್ತಲಿಲ್ಲ. ಬುಕ್ಕನ್ನೂ ಕೌಂಟರಿಗೆ ತಂದೆವು. ರಾಯಚೂರಿನ ಹುಡುಗ ಮೊನ್ನೆ ಅದರಲ್ಲಿ "ಸಾಂಬಾರ್‌ಗೆ ಉಪ್ಪು ಜಾಸ್ತಿ" ಅಂತ ಬರೆದಿದ್ದಾನೆ. ಚಪಾತಿ ಸಿಗುತ್ತಿದೆ ಅಂತ ಅರ್ಥ.

ಅಡುಗೆಮನೆ ಪಕ್ಕದ ಟೇಬಲ್ ಇನ್ನೂ ಅಲ್ಲೇ ಉಂಟು. ನಾಲ್ಕೈದು ಜನ ಈಗಲೂ ಕೂರುತ್ತಾರೆ. ಇಂಟರ್ನಲ್ಸ್ ಸಮಯದಲ್ಲಿ, ಕ್ಯೂ ಉದ್ದ ಇರುವಾಗ, ಅಲ್ಲಿಂದ ಬರುವ ಚಪಾತಿ ವಾಸನೆಗೆ ನಮ್ಮ ಕಾಲು ಆ ಕಡೆ ಎಳೆಯುತ್ತದೆ. ಒಂದು ದಿನ ಹೋಗಿ ಕೂತದ್ದೂ ಉಂಟು. ಅಜ್ಜಿಗೆ ಹೇಳಿದೆವು. ಅವರು ಬೈಯಲಿಲ್ಲ, "ನಾಳೆ ಕ್ಯೂನಲ್ಲಿ ನಿಲ್ಲಿ" ಅಂದರು.

ನಿಂತಿದ್ದೇವೆ. ಎಂಟೂ ಮುಕ್ಕಾಲಿಗೆ ಬನ್ನಿ, ಸಿಗೋಣ.